ಕ್ಯಾಮೆರಾ ತೆಗೆದ ನೆರಳಿಲ್ಲದ ಊರು

ಮೇಲ್ಸೇತುವೆಯ ನೆರಳಿನಲ್ಲಿ ಮುದಿ ನಾಯಿಯೊಂದು ಮಲಗಿತ್ತು. ಮಧ್ಯಾಹ್ನದ ಬಿಸಿಲಿಗೆ ಅದಕ್ಕೆ ಬಾಲ ಅಲ್ಲಾಡಿಸುವ ತ್ರಾಣವೂ ಇರಲಿಲ್ಲ. ಎದುರಿಗೆ ಮೂರು ಕಾಲಿನ ಮೇಲೆ ನಿಂತಿದ್ದ ಕ್ಯಾಮೆರಾ ಹೇಳಿತು: "ಅಜ್ಜಾ, ಅಲುಗಾಡಬೇಡ. ಒಂದು ಪಟ ಆಕಾಶದ ಬೆಳಕಿಗೆ, ಒಂದು ಕಟ್ಟಡಗಳಿಗೆ, ಒಂದು ನೀನು ಮಲಗಿರುವ ಕತ್ತಲಿಗೆ. ಮೂರನ್ನೂ ಒಂದೇ ಪಟವಾಗಿ ಬೆಸೆದರೆ ಈ ಊರಿನಲ್ಲಿ ಕಾಣದ ಮೂಲೆಯೇ ಉಳಿಯದು."

"ಈ ಮೂಲೆ ಕಾಣದೆ ಯಾರಿಗೇನು ತೊಂದರೆಯಾಗಿತ್ತಪ್ಪಾ?" ಎಂದಿತು ನಾಯಿ.

ಕ್ಯಾಮೆರಾ ಮೂರು ಸಲ ಕ್ಲಿಕ್ಕಿಸಿ, ಮೂರನ್ನೂ ಬೆಸೆಯಿತು. ಆದರೆ ಬಿಸಿಲಿನ ಝಳಕ್ಕೆ ಅದರ ಪರದೆಯ ಮೇಲೆ ಏನೂ ಕಾಣಲಿಲ್ಲ. "ಸ್ವಲ್ಪ ಪಕ್ಕಕ್ಕೆ ಸರಿ ಅಜ್ಜಾ, ಪಟ ನೋಡಬೇಕು" ಎನ್ನುತ್ತಾ ಅದು ನೆರಳಿಗೆ ಬಂತು. ನಾಯಿ ನಿಟ್ಟುಸಿರು ಬಿಟ್ಟು ಜಾಗ ಕೊಟ್ಟಿತು.

ಪಟದಲ್ಲಿ ಮೋಡದ ಅಂಚು, ಗಾಜಿನ ಕಿಟಕಿ, ಸೇತುವೆಯಡಿಯ ಕಲ್ಲುಕಲ್ಲೂ ಒಂದೇ ಸಮ ಹೊಳೆಯುತ್ತಿದ್ದವು; ನೆರಳು ಎಲ್ಲೂ ಇರಲಿಲ್ಲ.

"ಹೇಗಿದೆ ಊರು?" ಕೇಳಿತು ಕ್ಯಾಮೆರಾ.

"ಚೆನ್ನಾಗಿದೆ. ಆ ಊರಿನಲ್ಲಿದ್ದಿದ್ದರೆ ನೀನು ಈ ಪಟವನ್ನು ಎಲ್ಲಿ ನಿಂತು ನೋಡುತ್ತಿದ್ದೆ?" ಎಂದ ನಾಯಿ, ಮೂತಿಯನ್ನು ಕಾಲುಗಳ ನಡುವೆ ಇಟ್ಟು ಮತ್ತೆ ಕಣ್ಣು ಮುಚ್ಚಿತು.

ಹೊತ್ತು ಇಳಿಯುವವರೆಗೂ ಕ್ಯಾಮೆರಾ ಆ ನೆರಳು ಬಿಟ್ಟು ಕದಲಲಿಲ್ಲ.