ಹಿಂಬಾಗಿಲಿಂದಲೇ ಹೋಗತಕ್ಕದ್ದು

ಒಂದೂರಿನ ಕಚೇರಿಯಲ್ಲಿ ಇಂಟರ್‌ನೆಟ್ ನಿಂತಿತ್ತು. ಬಾಣಂತಿಯರು ಅರ್ಜಿ ಹಿಡಿದು ಬಿಸಿಲಲ್ಲಿ ಕೂತಿದ್ದರು.

"ಇವತ್ತ ನೆಟ್ ಬರಲಿಲ್ಲಂದ್ರ ನಿನ್ನ ಕೆಲಸ ಹೋತು," ಅಂದರು ಸಾಹೇಬರು, ಕ್ಲಾರ್ಕ್ ದುಂಡವ್ವನಿಗೆ.

ಕೆಡಿಸಿದವರು ಸಾಹೇಬರೇ. ಕಂಪ್ಯೂಟರುಗಳಿಗೆ ಕಾವಲಿರುವ ಫೈರ್‌ವಾಲ್‌ಗೆ, ಎಲ್ಲವನ್ನೂ ಹಳೇ ಲೈನಿನಲ್ಲೇ ಹೊರಗೆ ಕಳಿಸು ಅಂತ ಹುಕುಂ ಮಾಡಿಸಿದ್ದರು. ಆ ಲೈನು ಕತ್ತರಿಸಿ ಎಷ್ಟೋ ಕಾಲವಾಗಿತ್ತು. ಕಚೇರಿಗೆಲ್ಲ ಗೊತ್ತು. ಆದರೆ ಸಾಹೇಬರ ತಪ್ಪು ತೋರಿಸಿದವರು ಆ ಊರಲ್ಲಿ ಉಳಿಯುತ್ತಿರಲಿಲ್ಲ, ವರ್ಗವಾಗುತ್ತಿದ್ದರು.

ದುಂಡವ್ವ ಇನ್ನೊಂದು ಹುಕುಂ ಬರೆದು ತಂದಳು. ಸಾಹೇಬರು ರೂಢಿಯಂತೆ ಓದದೆ ರುಜು ಹಾಕಿದರು.

ಊಟದ ಹೊತ್ತಾಯಿತು. ಮುಂಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ. "ಹೊರಗ ಹೋಗೋರೆಲ್ಲ ಹಿಂಬಾಗಿಲಿಂದ ಹೋಗಬೇಕ್ರಿ. ನಿಮ್ಮದ ಹುಕುಂ."

ಸಾಹೇಬರು ಹಿಂದೆ ಹೋದರು. ಬಾಗಿಲಿದ್ದ ಜಾಗಕ್ಕೆ ಗೋಡೆ ಕಟ್ಟಿ ಸುಣ್ಣ ಬಳಿದಿದ್ದರು. ತಿರುಗಿ ಬಂದರು. ಮುಂಬಾಗಿಲ ಹತ್ತಿರ ದುಂಡವ್ವ ನಿಂತಿದ್ದಳು.

"ಇಲ್ಲದ ಬಾಗಿಲಿಂದ ಹೆಂಗ ಹೋಗಬೇಕವಾ?"

"ನೆಟ್ಟೂ ಅದನ್ನ ಕೇಳಾಕತ್ತೇತ್ರಿ," ಅಂದಳು ದುಂಡವ್ವ. "ಹಳೇ ಲೈನ್ ಎಲ್ಲೈತ್ರಿ?"

ಸಾಹೇಬರು ಜವಾನನ ಮುಖ ನೋಡಿದರು. ಅವನು ಕೈ ಇಳಿಸಲಿಲ್ಲ. ಮನೆಯಲ್ಲಿ ರೊಟ್ಟಿ ಆರುತ್ತಿತ್ತು.

"ಹುಕುಂ ತಿದ್ದು."

"ಯಾವುದ್ರಿ?"

"ಎರಡೂ ತಿದ್ದು. ಮೊದಲು ಬಾಗಿಲಿಂದು."

"ಲೈನಿಂದು ಮೊದಲು ಮಾಡ್ತೇನ್ರಿ. ಬಾಣಂತ್ಯಾರು ಮುಂಜಾನಿಂದ ಕುಂತಾರ."

ಸಾಹೇಬರು ಕುರ್ಚಿ ತರಿಸಿಕೊಂಡು ಬಾಗಿಲ ಒಳಗೇ ಕೂತರು.