ಆಡಳಿತ ಮಂಡಳಿಯ ಕಪ್ಪೆ

ನಾನು ನಮ್ಮ ಹೊಂಡದ ಈಜುಶಾಲೆಯ ಹಳೆಯ ವಿದ್ಯಾರ್ಥಿ, ಈಗ ಅದರ ಆಡಳಿತ ಮಂಡಳಿಯಲ್ಲಿರುವ ಕಪ್ಪೆ. ಪೋಷಕರ ಪರವಾಗಿ ಮಂಡಳಿಯಲ್ಲಿ ಒಬ್ಬಳು ತಾಯಿ ಬಾತುಕೋಳಿ ಇದ್ದಳು.

ಒಂದು ಬೆಳಗ್ಗೆ ಆಮೆ ಮೇಷ್ಟ್ರು ಬಂದು, "ಹೊಂಡ ಬತ್ತುತ್ತಿದೆ. ಮಕ್ಕಳನ್ನು ಪಕ್ಕದ ಕೆರೆಗೆ ಕರೆದೊಯ್ಯಲು ಅಪ್ಪಣೆ ಕೊಡಿ" ಎಂದರು.

"ನಮ್ಮ ಕಾಲದಲ್ಲಿ ಕೆಸರಿನಲ್ಲೇ ಈಜು ಕಲಿತೆವು, ಮೇಷ್ಟ್ರೇ" ಎಂದೆ.

"ನನ್ನ ಮರಿ ಎಲ್ಲರಿಗಿಂತ ಮುಂದೆ ಹೋಗುವುದಾದರೆ ನನ್ನ ಒಪ್ಪಿಗೆಯಿದೆ" ಎಂದಳು ಬಾತುಕೋಳಿ.

ನಾವಿಬ್ಬರೂ ಮಧ್ಯಾಹ್ನದವರೆಗೆ ವಾದಿಸಿ ತಿರುಗಿ ನೋಡಿದರೆ ಹೊಂಡದಲ್ಲಿ ಒಂದು ಮರಿಯೂ ಇಲ್ಲ. ಮೇಷ್ಟ್ರು ಮಕ್ಕಳೊಡನೆ ಹೊರಟುಹೋಗಿದ್ದರು. ಗದರಿಸಲು ಕೆರೆಗೆ ಹೋದ ನಾನು, ಈಜು ಹೇಗಿರಬೇಕೆಂದು ತೋರಿಸಲು ನೀರಿಗೆ ಹಾರಿದೆ. ವರ್ಷಗಟ್ಟಲೆ ದಡದಲ್ಲಿ ಕೂತು ಸಭೆ ನಡೆಸಿದವನಿಗೆ ಕಾಲೇ ಆಡಲಿಲ್ಲ. ಬಾತಿನ ಮರಿಯೊಂದು ನನ್ನನ್ನು ಎಳೆದು ದಡ ಸೇರಿಸಿತು.

"ಒಂದನೇ ತರಗತಿಯಲ್ಲಿ ಜಾಗವಿದೆ, ಸ್ವಾಮಿ" ಎಂದರು ಮೇಷ್ಟ್ರು ಮೆಲ್ಲಗೆ.

ನಾನು ಮರಿಗಳ ಸಾಲಿನ ಕೊನೆಯಲ್ಲಿ ನಿಂತೆ.