ಮಾಳಿಗೆ ಮೇಲಿನ ಎಡೆ

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಆ ಬಾಗಿಲು ಮುಂದೆ ಮಾಡಿ. ಗೋಡೆಗೆ ಕಿವಿ ಇರುತ್ತೆ ಅಂತಾರೆ, ನಮ್ಮ ಕೇರಿ ಗೋಡೆಗಳಿಗೆ ನಾಲಿಗೆಯೂ ಇದೆ. ಈಗ ಹೇಳೋದು ನಿಮ್ಮ ಹೊಟ್ಟೆಯೊಳಗೇ ಇರಬೇಕು. ಗಂಡನಿಗೂ ಹೇಳಬಾರದು, ಗಂಡನ ಅಕ್ಕನಿಗಂತೂ ಕನಸಿನಲ್ಲೂ ಹೇಳಬಾರದು. ನಾಳೆ ಬಾವಿಕಟ್ಟೆಯಲ್ಲಿ ಈ ಮಾತು ಎದ್ದರೆ, ಹೇಳಿದವಳು ನಾನಲ್ಲ.

ಕಂಬಳಿ ನೇಯುತ್ತಿದ್ದ ಚಿತ್ತಯ್ಯ ಇದ್ದನಲ್ಲ, ಅವನ ಹೆಂಡತಿ ಸಣ್ಣೀರಮ್ಮ. ಅವರಿಗೆ ಒಬ್ಬನೇ ಮಗ, ಮುದ್ದಲಿಂಗ. ಮೈ ನೋಡಿದರೆ ಎತ್ತು, ಮನಸ್ಸು ನೋಡಿದರೆ ನಿನ್ನೆ ಹುಟ್ಟಿದ ಕರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ. ಹಾಲು ಉಕ್ಕುತ್ತಾ ನೋಡ್ತಿರು ಅಂದರೆ ನೋಡುತ್ತಿದ್ದ. ಉಕ್ಕಿ, ಒಲೆ ಆರಿ, ಬೆಕ್ಕು ಬಂದು ನೆಕ್ಕಿಕೊಂಡು ಹೋಗುವ ತನಕ ನೋಡುತ್ತಿದ್ದ. ಉಕ್ತೇನೋ ಅಂದರೆ, ಚೆನ್ನಾಗಿ ಉಕ್ತು ಕಣವ್ವ ಅನ್ನುತ್ತಿದ್ದ. ಚಚ್ಚಿಕೊಂಡು ಚಚ್ಚಿಕೊಂಡು ಸಣ್ಣೀರಮ್ಮನ ಹಣೆಯೇ ಸವೆದಿತ್ತು.

ಹೋದ ವರ್ಷ ಬೇವು ಹೂ ಬಿಟ್ಟ ಕಾಲದಲ್ಲಿ ಚಿತ್ತಯ್ಯ ಸತ್ತ. ಸಣ್ಣ ಜ್ವರ, ಮೂರು ದಿನ, ಅಷ್ಟೆ. ಮೊದಲೇ ಮನುಷ್ಯ ಕಡ್ಡಿಯಾಗಿದ್ದ. ಹನ್ನೊಂದನೇ ದಿನ ಮಾಳಿಗೆ ಮೇಲೆ ಎಡೆ ಇಟ್ಟರು. ಕಾಗೆ ಮುಟ್ಟದೆ ಯಾರೂ ಉಣ್ಣುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ. ಕಾದರು, ಕಾದರು, ನೆರಳು ಉದ್ದವಾಯಿತು, ಮುದ್ದೆ ಒಣಗಿ ಬಿರುಕು ಬಿಟ್ಟಿತು. ಒಂದು ಕಾಗೆ ಬರಲಿಲ್ಲ. ಕೊನೆಗೆ ಎಡೆಯನ್ನು ಹಸುವಿಗೆ ಹಾಕಿ ಮುಗಿಸಿದರು.

ಪಕ್ಕದ ಮನೆ ದ್ಯಾವೀರಮ್ಮನಿಗೆ ಅಷ್ಟು ಸಾಕಾಯಿತು. ಹಸಿದು ಹೋದ ಗಂಡಸು, ಅದಕ್ಕೇ ಎಡೆ ಒಲ್ಲೆ ಅಂದ ಅಂತ ಶುರು ಮಾಡಿದಳು. ಬದುಕಿದ್ದಾಗ ಹೊಟ್ಟೆಗೆ ಹಾಕದವಳ ಕೈಯನ್ನ ಸತ್ತ ಮೇಲೆ ಯಾಕೆ ಮುಟ್ಟುತ್ತಾನೆ ಅಂದಳು. ಕೇರಿಗೆ ಕೇರಿಯೇ ಅಂದಿತು. ಚಿತ್ತಯ್ಯನ ಅಣ್ಣ ಓಬಳಯ್ಯ, ವರ್ಷದ ತಿಥಿಗೂ ಕಾಗೆ ಮುಟ್ಟದಿದ್ದರೆ ನಮ್ಮ ವಂಶದವರು ಈ ಮನೆಯಲ್ಲಿ ನೀರು ಕುಡಿಯಲ್ಲ ಅಂತ ಖಂಡಿತವಾಗಿ ಹೇಳಿ ಹೋದ.

ಸಣ್ಣೀರಮ್ಮ ಬೀಸುಕಲ್ಲಿನ ಮುಂದೆ ಕೂತು ಇದನ್ನೇ ಬೀಸುತ್ತಿದ್ದಳು. ತಾನು ದಿನಾ ಎರಡು ಮುದ್ದೆ ಹಾಕುತ್ತಿದ್ದದ್ದು ನಿಜ. ಚಿತ್ತಯ್ಯ ತಟ್ಟೆ ಹಿಡಿದು ಹಿತ್ತಿಲ ಬೇವಿನ ಮರದ ಕೆಳಗೆ ಹೋಗಿ, ಮನೆಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದದ್ದು ನಿಜ. ಪಕ್ಕದಲ್ಲಿ ಮುದ್ದಲಿಂಗ ಕೂತಿರುತ್ತಿದ್ದ. ತಟ್ಟೆ ತೊಳೆದ ಹಾಗೆ ಖಾಲಿಯಾಗಿ ವಾಪಸ್ ಬರುತ್ತಿತ್ತು. ಇನ್ನೊಂದು ಹಾಕಲಾ ಅಂದರೆ ಸಾಕು ಅನ್ನುತ್ತಿದ್ದ. ಆದರೂ ತಿಂಗಳಿಂದ ತಿಂಗಳಿಗೆ ಸಣ್ಣಗಾದ. ಆ ಸಾಕು ಅನ್ನುವ ಮಾತಿನೊಳಗೆ ಬೇರೇನಾದರೂ ಇತ್ತೇನೋ, ತನಗೇ ಕೇಳಿಸಲಿಲ್ಲವೇನೋ. ರಾಗಿ ಬೀಸುತ್ತ ಬೀಸುತ್ತ ಕಣ್ಣು ಎಳೆಯುತ್ತಿತ್ತು. ಆ ಅರೆನಿದ್ದೆಯಲ್ಲಿ ಚಿತ್ತಯ್ಯ ಹಿತ್ತಿಲಲ್ಲಿ ಬೆನ್ನು ಹಾಕಿ ಕೂತಿರುತ್ತಿದ್ದ, ಮೇಲಿಂದ ಬೇವಿನ ಹೂ ಉದುರುತ್ತಿರುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ.

ಅವನಿದ್ದಾಗ ಹಿತ್ತಿಲ ತುಂಬ ಹಕ್ಕಿ ಇದ್ದವು. ಅವನು ಹೋದ ಮೇಲೆ ಒಂದೂ ಇಲ್ಲ. ಗುಬ್ಬಿ ಬಂದ ಕಡೆ ಕಾಗೆ ಬರುತ್ತೆ, ತಿಥಿಗೆ ಇನ್ನೆರಡು ತಿಂಗಳಿದೆ, ಈಗಿನಿಂದ ಕಾಳು ಹಾಕಿ ರೂಢಿ ಮಾಡಿಸೋಣ ಅಂತ ಸಣ್ಣೀರಮ್ಮ ಲೆಕ್ಕ ಹಾಕಿದಳು. ಒಂದು ಬೊಗಸೆ ನವಣೆ ಕೊಟ್ಟು, ಹಕ್ಕಿಗೆ ಹಾಕಿ ಬಾರೋ ಅಂದಳು.

“ಹೂಂ ಕಣವ್ವ, ಹಂಗೇ ಆಗಲಿ.”

ಹೋದ. ಬೇವಿನ ಮರದಲ್ಲಿ ದಾರಿ ತಪ್ಪಿದ ನಾಲ್ಕು ಗುಬ್ಬಿ ಕೂತಿದ್ದವು. ಗುರಿಯಿಟ್ಟು, ಬೀಸಿ ಬೀಸಿ, ನವಣೆಯನ್ನು ಅವುಗಳ ಮೈಮೇಲೇ ಎಸೆದ. ಒಳಗೆ ಬಂದು ವರದಿ ಕೊಟ್ಟ: ಮೂರಕ್ಕೆ ಸರಿಯಾಗಿ ಹಾಕಿದೆ ಕಣವ್ವ, ನಾಲ್ಕನೇದು ತಪ್ಪಿಸಿಕೊಂಡಿತು.

ಅಯ್ಯೋ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಒರಳುಕಲ್ಲೇ ಅಂತ ಬೈದಳು. ಹಕ್ಕಿಗೆ ಹೊಡೀತಾರೇನೋ, ನೆಲದ ಮೇಲೆ ಕಾಳು ಇಟ್ಟು, ದೂರ ಹೋಗಿ ಕಂಬದ ಹಾಗೆ ನಿಂತಿರಬೇಕು, ತಿನ್ನೋಕೆ ಬಂದದ್ದನ್ನ ಓಡಿಸಬಾರದು ಅಂತ ಬುದ್ಧಿ ಹೇಳಿದಳು.

“ಹೂಂ ಕಣವ್ವ, ಹಂಗೇ ಆಗಲಿ.”

ಮಾರನೇ ದಿನ ಕಾಳು ಇಟ್ಟ, ಕಂಬವಾಗಿ ನಿಂತ. ಮೊದಲು ಅಳಿಲು ಬಂತು. ಒಂದು ಬಂತು, ಎರಡು ಬಂತು, ಬಂಧು ಬಳಗ ಕಟ್ಟಿಕೊಂಡು ಆರು ಬಂದವು. ಕೆನ್ನೆ ಉಬ್ಬಿಸಿಕೊಂಡು ತಿಂದವು. ಆಮೇಲೆ ದ್ಯಾವೀರಮ್ಮನ ಮೇಕೆ ಬಂತು. ಉಳಿದ ಕಾಳು ಮುಗಿಸಿ, ಕಂಬ ಉಟ್ಟಿದ್ದ ಪಂಚೆಯ ಚುಂಗು ಹಿಡಿದು ಮೊಣಕಾಲಿನ ತನಕ ಮೇಯ್ದಿತು. ಕಂಬ ಅಲ್ಲಾಡಲಿಲ್ಲ. ಬಿಸಿಲು ಮಗ್ಗುಲಾಗುವ ತನಕ ನಿಂತಿತ್ತು, ತಲೆಯ ಮೇಲೆ ಒಣಗಿದ ಎಲೆ ಕೂತಿದ್ದವು, ಕಣ್ಣು ಎಲ್ಲೋ ಮೋಡದೊಳಗಿತ್ತು.

ಸಣ್ಣೀರಮ್ಮ ಬಂದು ನೋಡಿ, ಅರ್ಧ ಪಂಚೆಯ ಮಗನನ್ನು ಒಳಗೆಳೆದಳು. ಹಕ್ಕಿ ಬೇರೆ, ಅಳಿಲು ಬೇರೆ ಕಣೋ ಮಂಕೇ, ಬಾಲ ಎತ್ತಿಕೊಂಡು ಬರೋ ಕಳ್ಳಮುಂಡೇವನ್ನ ಪೊರಕೆ ತಗೊಂಡು ಓಡಿಸು ಅಂದಳು.

“ಹೂಂ ಕಣವ್ವ, ಹಂಗೇ ಆಗಲಿ.”

ಆವತ್ತು ಬೆಳಗಿನ ಬಿಸಿಲು ಇನ್ನೂ ಹಾಲಿನ ಹಾಗೆ ಇತ್ತು. ಚಿತ್ತಯ್ಯ ಹೋದಾಗಿನಿಂದ ಕಾಣದಿದ್ದ ಮಡಿವಾಳ ಹಕ್ಕಿ ಬಂತು, ಕಪ್ಪು ಮೈ, ಬಿಳಿ ಹೊಟ್ಟೆ. ಬೇಲಿ ಮೇಲೆ ಕೂತು ಸಿಳ್ಳೆ ಹಾಕಿತು. ಒಳಗೆ ಉಣ್ಣೆ ನೂಲುತ್ತಿದ್ದ ಸಣ್ಣೀರಮ್ಮನ ಕೈ ನಿಂತೇ ಹೋಯಿತು, ಚಿತ್ತಯ್ಯ ಮಗ್ಗದ ಮುಂದೆ ಹಾಕುತ್ತಿದ್ದ ಸಿಳ್ಳೆಯ ಹಾಗೇ ಇತ್ತಂತೆ. ಆ ಹಕ್ಕಿಯ ಚಾಳಿ ಗೊತ್ತಲ್ಲ, ಹಾಡುವಾಗ ಬಾಲ ಎತ್ತುತ್ತೆ. ಎತ್ತಿತು. ಪೊರಕೆ ಬಿತ್ತು. ಸಿಳ್ಳೆ ಅರ್ಧಕ್ಕೇ ತುಂಡಾಯಿತು.

ಸಣ್ಣೀರಮ್ಮ ಬೈಯಲಿಲ್ಲ, ಅಳುತ್ತಾ ಕೂತಳು. ಆಮೇಲೆ ಮೂಗು ಒರೆಸಿಕೊಂಡು, ಬಾಲ ನೋಡಬೇಡ, ಕಾಲು ಎಣಿಸು ಅಂದಳು. ಎರಡು ಕಾಲಿದ್ದರೆ ತಿನ್ನೋಕೆ ಬಿಡು, ನಾಲ್ಕು ಕಾಲಿದ್ದರೆ ಓಡಿಸು.

“ಹೂಂ ಕಣವ್ವ, ಹಂಗೇ ಆಗಲಿ.”

ಈಗ ಹೇಳೋದನ್ನ ಇನ್ನೂ ಮೆಲ್ಲಗೆ ಹೇಳಬೇಕು. ಮಾರನೇ ದಿನ ಬೇಲಿಯ ಸಂದಿಯಿಂದ ಬಂದದ್ದು ಹಕ್ಕಿಯಲ್ಲ, ದ್ಯಾವೀರಮ್ಮ. ಅತ್ತ ನೋಡಿದಳು, ಇತ್ತ ನೋಡಿದಳು, ಕೂತಳು, ನವಣೆಯನ್ನು ಸೆರಗಿಗೆ ಬಳಿದುಕೊಂಡಳು. ಮುದ್ದಲಿಂಗ ಎಣಿಸಿದ. ಒಂದು, ಎರಡು. ಸರಿಯಾಗಿತ್ತು. ತಿನ್ನಿ ಅಂತ ಕೈ ಮುಗಿದು ದಾರಿ ಬಿಟ್ಟ. ಅವಳ ಹಿಂದೆಯೇ ಅವಳ ಮೊಮ್ಮಗಳು ಬಂತು, ಎಂಟು ತಿಂಗಳ ಕೂಸು, ಅಂಬೆಗಾಲಿಟ್ಟುಕೊಂಡು. ಮುದ್ದಲಿಂಗ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಪೊರಕೆ ಎತ್ತಿಕೊಂಡು ಹಿಂದೆ ಬಿದ್ದ.

ಏಟೇನೂ ಬೀಳಲಿಲ್ಲ. ಕೂಸು ಅದನ್ನು ಆಟವೆಂದು ತಿಳಿದು ಕೇಕೆ ಹಾಕಿತು. ಆದರೆ ದ್ಯಾವೀರಮ್ಮನ ಬಾಯಿ ಮೂರು ಕೇರಿಗೆ ಕೇಳಿಸಿತು. ಹಸುಗೂಸಿಗೆ ಪೊರಕೆ ಎತ್ತಿದ, ಇವನಪ್ಪನಿಗೆ ಅನ್ನ ಹಾಕಲಿಲ್ಲ, ಇವನಿಗೆ ಬುದ್ಧಿ ಹಾಕಲಿಲ್ಲ ಅಂತ ಕೂಗಿದಳು. ಜನ ಸೇರಿದರು. ಒಬ್ಬಳು ಮಾತ್ರ, ಅದು ಸರಿ ದ್ಯಾವೀರಕ್ಕ, ನೀನು ಇವರ ಹಿತ್ತಿಲಲ್ಲಿ ಸೆರಗು ತುಂಬ ಏನು ಕಟ್ಟಿಕೊಂಡಿದ್ದೀಯ ಅಂದಳು. ಯಾರು ಅಂದದ್ದು ಅಂತ ಕೇಳಬೇಡಿ. ದ್ಯಾವೀರಮ್ಮ ಕೂಸನ್ನು ಕಂಕುಳಿಗೆ ಹಾಕಿಕೊಂಡು, ಕಾಳು ಉದುರಿಸಿಕೊಂಡು ಮನೆ ಸೇರಿದಳು.

ಸಣ್ಣೀರಮ್ಮ ಪೊರಕೆಯನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆದಳು. ಕಾಳನ್ನು ತೆಂಗಿನ ಚಿಪ್ಪಿನಲ್ಲಿ ಹಾಕಿ ಹಿತ್ತಿಲ ಮರದ ಕಂಬಕ್ಕೆ ಕಟ್ಟಿದಳು. ಇನ್ನು ಯಾರನ್ನೂ ಓಡಿಸಬೇಡ, ಅಳಿಲು ಎಲ್ಲೆಲ್ಲಿ ಹತ್ತುತ್ತೋ ಅಲ್ಲಿಗೆ ಹರಳೆಣ್ಣೆ ಹಚ್ಚು, ಜಾರಿ ತಾನೇ ಬುದ್ಧಿ ಕಲಿಯುತ್ತೆ ಅಂದಳು.

“ಹೂಂ ಕಣವ್ವ, ಹಂಗೇ ಆಗಲಿ.”

ಕಂಬಕ್ಕೆ ಹಚ್ಚಿದ. ಅಳಿಲು ಜಾರಿತು, ಅಲ್ಲಿಂದ ಗೋಡೆ ಹತ್ತಿತು. ಗೋಡೆಗೆ ಹಚ್ಚಿದ. ಬೇವಿನ ಮರ ಹತ್ತಿತು. ಮರಕ್ಕೆ ಹಚ್ಚಿದ. ಒಳಗೆ ನುಗ್ಗಿ ಮಗ್ಗ ಹತ್ತಿತು, ಮಗ್ಗಕ್ಕೂ ಹಚ್ಚಿದ. ಹಿತ್ತಿಲ ಮೆಟ್ಟಿಲು ಹತ್ತಿತು, ಮೆಟ್ಟಿಲಿಗೂ ಹಚ್ಚಿದ. ಸಂಜೆ ಸಣ್ಣೀರಮ್ಮ ನೀರಿನ ಕೊಡದ ಸಮೇತ ಮೆಟ್ಟಿಲು ಇಳಿದಳು. ಕಾಲಿನಿಂದ ಇಳಿಯಲಿಲ್ಲ ಅಂತ ಮಾತ್ರ ಹೇಳುತ್ತೇನೆ.

ನೋಡನೋಡುತ್ತ ತಿಥಿ ಬಂದೇ ಬಂತು. ಹಿತ್ತಿಲಲ್ಲಿ ಬೇವು ಮತ್ತೆ ಹೂ ಬಿಟ್ಟಿತ್ತು, ಹಕ್ಕಿ ಮಾತ್ರ ಒಂದೂ ಇರಲಿಲ್ಲ. ಓಬಳಯ್ಯ ಬಂದು, ಇಡೀ ವಂಶವನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು, ಮೀಸೆ ನೀವುತ್ತ ಕಾದ. ದ್ಯಾವೀರಮ್ಮ ಎಲ್ಲರಿಗಿಂತ ಮೊದಲೇ ಬಂದಿದ್ದಳು, ನೋಡೋದು ಬಿಟ್ಟಾಳೆಯೇ. ಚಿತ್ತಯ್ಯನ ಕಂಬಳಿ, ರುಮಾಲು ಎಡೆಯ ಮುಂದೆ ಇಟ್ಟಿದ್ದರು. ಮುತ್ತುಗದ ಎಲೆಯ ಮೇಲೆ ಎರಡು ಮುದ್ದೆ, ಹುರುಳಿ ಸಾರು, ವಡೆ, ಪಾಯಸ.

ಎಡೆಯನ್ನು ಮಾಳಿಗೆಗೆ ಒಯ್ಯಬೇಕಾದವನು ಮಗ. ಅವ್ವ ಏನು ಹೇಳುತ್ತಾಳೋ ಅಂತ ಮುದ್ದಲಿಂಗ ಬಾಯಿ ನೋಡುತ್ತ ನಿಂತ. ಅವಳಿಗೆ ಹೇಳಿ ಹೇಳಿ ಬಾಯಿ ಬತ್ತಿತ್ತು. ಅವನ ಕೆನ್ನೆ ಮುಟ್ಟಿ ಇಷ್ಟೇ ಅಂದಳು:

“ನಾನಿನ್ನು ಬುದ್ಧಿ ಹೇಳಲ್ಲ ಕಣಪ್ಪ. ಮೇಲೆ ಹೋಗು. ನಿಮ್ಮಪ್ಪ ಹೆಂಗಿದ್ದನೋ ಹಂಗಿರು, ಸಾಕು.”

“ಹೂಂ ಕಣವ್ವ, ಹಂಗೇ ಆಗಲಿ.”

ಎಡೆ, ಅದರ ಮುಂದಿದ್ದದ್ದು, ಎಣ್ಣೆ ಕುಡಿಕೆ ಎಲ್ಲ ಎತ್ತಿಕೊಂಡು ಏಣಿ ಹತ್ತಿದ. ಎಲ್ಲರೂ ಅಂಗಳಕ್ಕೆ ಬಂದು ಕತ್ತೆತ್ತಿ ನಿಂತರು. ಮಾಳಿಗೆ ಅಂಚಿನಲ್ಲಿ ಚಿತ್ತಯ್ಯ ಕೂತಿದ್ದ. ಅದೇ ಕಂಬಳಿ, ಅದೇ ರುಮಾಲು, ಅದೇ ಬಾಗಿದ ಬೆನ್ನು, ಜನಕ್ಕೆ ಬೆನ್ನು ಹಾಕಿ. ಒಬ್ಬ ಮುದುಕಿ ಅಲ್ಲೇ ಕುಸಿದಳು. ಸಣ್ಣೀರಮ್ಮನಿಗೆ ಬೀಸುಕಲ್ಲಿನ ಮುಂದಿನ ತೂಕಡಿಕೆಯೇ ಹಗಲಿಗೆ ಎದ್ದು ಬಂದ ಹಾಗಾಯಿತು. ಕರೆದರೆ ತಿರುಗಲಾರ ಅಂತ ಗೊತ್ತಿತ್ತು, ಅದಕ್ಕೇ ಕರೆಯಲಿಲ್ಲ.

ಅವನು ಒಂದು ತುತ್ತು ಮುರಿದ. ಬಾಯಿಗೆ ಹಾಕಿಕೊಂಡ.

ಓಬಳಯ್ಯ ಕೆಂಡವಾದ. ಕಾಗೆಗಿಟ್ಟ ಎಡೆಯನ್ನು ತಿನ್ನುತ್ತಿದ್ದಾನಲ್ಲ, ಇಳಿಸಿರೋ ಅವನನ್ನ ಅಂತ ಏಣಿಗೆ ಕಾಲಿಟ್ಟ. ಏಣಿಯನ್ನೂ ಅಳಿಲು ಹತ್ತುತ್ತೆ ಅಲ್ಲವೇ? ಮೇಲೆ ಹೋದವನು ಬಗ್ಗಿ ಕೈಗೆ ಸಿಕ್ಕ ಮೆಟ್ಟಿಲಿಗೆಲ್ಲ ಹರಳೆಣ್ಣೆ ಬಳಿದಿದ್ದ, ಅದು ಕೆಳತನಕ ಸೋರಿತ್ತು. ಓಬಳಯ್ಯ ಹತ್ತಿದಷ್ಟೇ ಬೇಗ ಕೆಳಗೆ ಬಂದು, ಮೀಸೆ ಸಮೇತ ಸಗಣಿ ಸಾರಿಸಿದ ನೆಲದ ಮೇಲೆ ಕೂತ.

ಮೇಲೆ ಎರಡನೇ ತುತ್ತು. ಅದು ಬಾಯಿಗೆ ಹೋಗಲಿಲ್ಲ. ಅಂಗೈ ಬಿಚ್ಚಿ ಹಿಡಿದ, ಕಂಬವಾದ. ಬೇವಿನ ಹೂ ಉದುರುತ್ತಿತ್ತು, ರುಮಾಲಿನ ಮೇಲೆ, ಕೈಯ ಮೇಲೆ. ಎಲ್ಲಿತ್ತೋ ಏನೋ, ಒಂದು ಗುಬ್ಬಿ ಬಂದು ರುಮಾಲಿನ ಮೇಲೆ ಕೂತಿತು. ಮೊಣಕಾಲಿಗೆ ಒಂದು ಗೊರವಂಕ. ಮಡಿವಾಳ ಹಕ್ಕಿ ಬಂತು, ಬಾಲ ಎತ್ತಿತು, ಯಾರೂ ಪೊರಕೆ ಎತ್ತಲಿಲ್ಲ. ಒಂದು ತುತ್ತು ಅವನಿಗೆ, ಒಂದು ತುತ್ತು ಹಕ್ಕಿಗೆ. ಒಂದು ಅವನಿಗೆ, ಒಂದು ಹಕ್ಕಿಗೆ. ಕಡೆಗೆ ಆ ಬಿಳಿ ಬಿಸಿಲಿನಿಂದ ಒಂದು ಕಾಗೆ ಇಳಿಯಿತು, ನಿಧಾನವಾಗಿ, ಮನೆಗೆ ಬಂದವರ ಹಾಗೆ, ಅವನ ಅಂಗೈಯಿಂದ ಮುದ್ದೆ ಎತ್ತಿಕೊಂಡಿತು.

ಸಣ್ಣೀರಮ್ಮ ತುತ್ತು ಎಣಿಸುತ್ತಿದ್ದಳು. ಎರಡು ಮುದ್ದೆಯಲ್ಲಿ ಸರಿಯಾಗಿ ಒಂದು ಮುದ್ದೆ ಅವನ ಹೊಟ್ಟೆಗೆ ಹೋಗಿತ್ತು.

“ಲಿಂಗಾ, ನಿಮ್ಮಪ್ಪ ದಿನಾ ಹಿಂಗೇ ಉಣ್ತಿದ್ದನಾ?”

“ಹೂಂ ಕಣವ್ವ. ಒಂದು ಅಪ್ಪಂಗೆ, ಒಂದು ಹಕ್ಕಿಗೆ. ಕೊನೇದು ಅಳಿಲಿಗೆ.”

“ಅಷ್ಟು ದಿನ ಯಾಕೋ ಹೇಳಲಿಲ್ಲ?”

“ನೀನು ಕೇಳಲಿಲ್ಲವಲ್ಲ.”

ಕೊನೆಯ ತುತ್ತನ್ನು ಮಾಳಿಗೆ ಅಂಚಿನಲ್ಲಿಟ್ಟ. ಅಳಿಲು ಬಂದು ಎರಡು ಕೈಯಲ್ಲಿ ಹಿಡಿದು ತಿಂದಿತು. ಎಡೆ ಮುಗಿಯಿತು, ಇನ್ನು ಇಳಿಯೋ, ನೀನು ಬಂದು ಎಲೆ ಮುಂದೆ ಕೂರದೆ ಯಾರಿಗೂ ಬಡಿಸೋ ಹಾಗಿಲ್ಲ ಅಂತ ಓಬಳಯ್ಯ ಕೂತಲ್ಲಿಂದಲೇ ಕೂಗಿದ. ಮುದ್ದಲಿಂಗ ಕೇಳಿಸಿಕೊಂಡ, ಯೋಚನೆ ಮಾಡಿದ. ಉಂಡ ಮೇಲೆ ಅಪ್ಪ ಏನು ಮಾಡುತ್ತಿದ್ದ? ಅಲ್ಲೇ ಕಾಲು ಚಾಚಿ ಮಲಗುತ್ತಿದ್ದ. ಮುದ್ದಲಿಂಗನೂ ಕಾಲು ಚಾಚಿದ, ತಲೆ ತುಂಬ ಕಂಬಳಿ ಎಳೆದುಕೊಂಡ, ಗೊರಕೆ ಹೊಡೆದ. ಗುಬ್ಬಿಗಳು ಹೊಟ್ಟೆಯ ಮೇಲೆ ಏರುತ್ತ ಇಳಿಯುತ್ತ ಇದ್ದವು. ಏಣಿ ಹತ್ತುವ ಹಾಗಿಲ್ಲ, ಅವನನ್ನು ಎಬ್ಬಿಸುವ ಹಾಗಿಲ್ಲ. ನಲವತ್ತು ಜನ ಹಸಿದ ಹೊಟ್ಟೆಯಲ್ಲಿ ಆ ಕಂಬಳಿ ಏರಿ ಇಳಿಯುವುದನ್ನು ನೋಡುತ್ತ ನಿಂತರು. ಸಣ್ಣೀರಮ್ಮ ಮಾತ್ರ ಬೇವಿನ ಬುಡಕ್ಕೆ ಹೋಗಿ, ಚಿತ್ತಯ್ಯ ಕೂರುತ್ತಿದ್ದ ಜಾಗದಲ್ಲಿ ಕೂತುಕೊಂಡಳು.

ದ್ಯಾವೀರಮ್ಮ ಅಲ್ಲಿಗೂ ಬಂದಳು. ಸೆರಗು ಸರಿಮಾಡಿಕೊಂಡಳು, ಕೆಮ್ಮಿದಳು, ಮುಖ ನೋಡಿಯೇ ಹೇಳಿದಳು:

“ನೋಡು ಸಣ್ಣೀರಮ್ಮ, ನಿನ್ನ ಗಂಡ ಹಸಿದು ಹೋದ ಅಂತ ಮೊದಲು ಅಂದವಳು ನಾನೇ. ಆ ಮಾತು ವಾಪಸ್ ತಗೊಂಡಿದ್ದೀನಿ. ನವಣೆ ಮಾತ್ರ ಕೇಳಬೇಡ, ಅದನ್ನ ಆವತ್ತೇ ಬೇಯಿಸಿ ಉಂಡ್ವಿ.”